ಮನೆಯಲ್ಲೇ ಉಳಿದ ದನಿ

ಬಿಸಿಲು ಬಲಿಯತೊಡಗಿದರೆ ಕಾಗವಾಡದ ಸುತ್ತಲಿನ ಹೊಲಗಳಲ್ಲಿ ಬೇದಾಣೆ ಶೆಡ್ಡುಗಳು ತುಂಬಿಕೊಳ್ಳುತ್ತವೆ. ಒಣದ್ರಾಕ್ಷಿಗೆ ನಮ್ಮ ಕಡೆ ಬೇದಾಣೆ ಅಂತಲೇ ಹೆಸರು. ಬಲೆಗಳ ಮೇಲೆ ಹಣ್ಣು ಹರವಿ, ಬಣ್ಣ ಕೆಡದಿರಲೆಂದು ಗಂಧಕದ ಹೊಗೆ ಕೊಡುತ್ತಾರೆ. ಮಾಗಿದ ಹಣ್ಣಿನ ಸಿಹಿಯೂ ಗಂಟಲು ಕೆರೆಯುವ ಘಾಟೂ ಬೆರೆತ ವಾಸನೆ ಅದು. ನಾನೀಗ ಚಿಕ್ಕೋಡಿಯಲ್ಲಿ ಕೆಲಸ ಮಾಡುತ್ತೇನೆ. ಈ ಸಲ ಊರಿಗೆ ಬರುವಾಗ ಬಸ್ಸು ಕೃಷ್ಣೆ ದಾಟಿ ಸ್ವಲ್ಪ ದೂರ ಬಂದಿತ್ತಷ್ಟೆ, ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ನಮ್ಮ ಮನೆಯ ಕಾಳಿನ ಕೋಣೆ, ಅದರ ಗೋಡೆಗೆ ತೂಗುಬಿಟ್ಟ ಕೌದಿಗಳು, ಅವುಗಳ ನಡುವೆ ಮೈಕಿನ ಮುಂದೆ ಕೂತ ಅಪ್ಪ, ಎಲ್ಲ ಕಣ್ಣೆದುರು ಬಂದವು. ಅಪ್ಪನ ದನಿಯನ್ನು ನಾವು ಮನೆಯಲ್ಲೇ ಉಳಿಸಿಕೊಂಡದ್ದು ಅಂಥದೇ ಒಂದು ದ್ರಾಕ್ಷಿ ಸುಗ್ಗಿಯಲ್ಲಿ.

ಆಗ ನಾನು ಕಾಗವಾಡದ ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಮನೆಯಲ್ಲಿ ಅಪ್ಪ, ಅವ್ವ, ನಾನು. ತಂಗಿ ಸಂಗೀತಾ ಮದುವೆಯಾಗಿ ನಿಪ್ಪಾಣಿಯಲ್ಲಿದ್ದಳು. ನಮ್ಮಲ್ಲೊಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಅದರ ಪರದೆಯ ಅರ್ಧ ಭಾಗ ಕಪ್ಪಾಗಿತ್ತು. ಗುಂಡಿ ಒತ್ತಿದ ಮೇಲೆ ಅದು ಎದ್ದು ಕೂರುವಷ್ಟರಲ್ಲಿ ಅವ್ವ ಒಂದು ಬುಟ್ಟಿ ರೊಟ್ಟಿ ಬಡಿದು ಮುಗಿಸುತ್ತಿದ್ದಳು. ರದ್ದಿಗೆ ಹಾಕಲು ಮನಸ್ಸಾಗದೆ ಅದಕ್ಕೆ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿದೆ. ಲಿನಕ್ಸ್ ಯಾರೊಬ್ಬರ ಸೊತ್ತೂ ಅಲ್ಲ. ಬೇಕಾದವರು ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಇಷ್ಟೊಂದು ಮುಕ್ತವಾಗಿ ಬಿಟ್ಟಿರುವ ವಸ್ತುವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಲ್ಯಾಪ್‌ಟಾಪ್ ಹುಷಾರಾಯಿತು. ಅದನ್ನೇ ಮನೆಯ ಸರ್ವರ್ ಮಾಡಿ ಅವ್ವನ ತಿಜೂರಿಯ ಮೇಲೆ ಇಟ್ಟೆ. ನಮ್ಮ ಮೂವರ ಫೋನಿನ ಫೋಟೋಗಳು ತಾವಾಗಿ ಅದಕ್ಕೆ ಬಂದು ಸೇರುತ್ತಿದ್ದವು. ನಿಪ್ಪಾಣಿಯ ತಂಗಿಯ ಮನೆಯ ಹಳೆಯ ಕಂಪ್ಯೂಟರಿಗೂ ಲಿನಕ್ಸ್ ಹಾಕಿ, ನಮ್ಮದು ಅವಳಲ್ಲಿ ಅವಳದು ನಮ್ಮಲ್ಲಿ ನಕಲಾಗುವಂತೆ ಮಾಡಿದೆ.

"ಎಲ್ಲಾರೂ ಫೋನಿನ್ಯಾಗ ಇಟ್ಕೊಂಡ ಸುಮ್ಮನ ಅದಾರ. ನಿನಗ್ಯಾಕ ಬೇಕ ಸುಜಾತಾ ಈ ಉಸಾಬರಿ?" ಎಂದು ಅಪ್ಪ ಕೇಳುತ್ತಿದ್ದ.

ಅವ್ವ ನನ್ನ ಪರ. ಓಣಿಯ ಹೆಂಗಸರು ಬಂದರೆ ಮೇಲೆ ಕೈ ಮಾಡಿ, "ನಮ್ಮ ಮನಿ ಫೋಟೋ ಬ್ಯಾರೆಯವರ ಕಡೆ ಇಲ್ಲವಾ. ನಮ್ಮ ತಿಜೂರಿ ಮ್ಯಾಲನ ಅದಾವ" ಎನ್ನುತ್ತಿದ್ದಳು.

ಅಪ್ಪನ ದನಿಯ ಬಗ್ಗೆ ಹೇಳಬೇಕು. ಕಂಡಕ್ಟರಾಗಿ ಸೇರಿದ ಅಪ್ಪ ಕೊನೆಯ ವರ್ಷಗಳಲ್ಲಿ ಅಥಣಿ ಬಸ್ ನಿಲ್ದಾಣದ ಕಂಟ್ರೋಲ್ ರೂಮಿನಲ್ಲಿ ಕೂತು ಬಸ್ಸುಗಳ ಹೆಸರು ಹೇಳುತ್ತಿದ್ದ. ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ. ಅವೆರಡೂ ಮುಗಿದ ಮೇಲೆ ತನ್ನದೊಂದು ಮಾತು ಸೇರಿಸದೆ ಮೈಕು ಬಿಡುತ್ತಿರಲಿಲ್ಲ. "ಕೊಕಟನೂರಿಗೆ ಹೊಂಟ ಅವ್ವಗೋಳ್ರಿ, ಓಡಬ್ಯಾಡ್ರಿ. ನಿಮ್ಮನ್ನ ಬಿಟ್ಟ ಬಸ್ಸು ಎಲ್ಲಿ ಹೋಗತೈತಿ?" ದುಂಡನೆಯ, ಸ್ವಲ್ಪ ಮೂಗಿನಿಂದ ಬರುವ ದನಿ. ನಿವೃತ್ತಿಯಾದ ಮೇಲೂ ಸಂತೆಯಲ್ಲಿ ಅಪ್ಪ ಬದನೆಕಾಯಿ ಹೇಗೆಂದು ಕೇಳಿದರೆ, ಬೆನ್ನು ಮಾಡಿ ನಿಂತವರು ತಿರುಗಿ, "ನೀವು ಅಥಣಿ ಸ್ಟ್ಯಾಂಡಿನವ್ರ ಅಲ್ಲೇನ್ರಿ?" ಎನ್ನುತ್ತಿದ್ದರು. ನಮ್ಮ ಓಣಿಯ ಬುದ್ಧ ವಿಹಾರದಲ್ಲಿ ಬೆಳಗಿನ ವಂದನೆ ಹೇಳಿಕೊಡುವುದೂ ಅಪ್ಪನೇ.

ಆ ದನಿ ಒಡೆಯಿತು. ನೆಗಡಿ ಎಂದುಕೊಂಡೆವು, ಗಂಧಕದ ಘಾಟು ಎಂದುಕೊಂಡೆವು. ಕಡೆಗೆ ಮಿರಜ್‌ನ ಒಂದು ಆಸ್ಪತ್ರೆಗೆ ಹೋದಾಗ ಗಂಟಲಿನ ಗಂಟು ಕೆಟ್ಟದ್ದು ಎಂದು ತಿಳಿಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ ಎಂದರು ಡಾಕ್ಟರು.

"ಮ್ಹಣಜೇ ಬೋಲಣಂ ಬಂದ್?" ಎಂದು ಅಪ್ಪ ಮರಾಠಿಯಲ್ಲೇ ಕೇಳಿದ. ಅಂದರೆ ಮಾತು ಬಂದ್?

ಮುಂದೆ ಬೇರೆ ಉಪಕರಣಗಳಿಂದ ಮಾತು ಕಲಿಯಬಹುದು, ಆದರೆ ಈ ದನಿ ಇರುವುದಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಬಸ್ಸಿನಲ್ಲಿ ಬರುವಾಗ ಅಪ್ಪ ಕಿಟಕಿಗೆ ಮುಖ ಮಾಡಿ ಕೂತಿದ್ದ. ಊರು ಬಂದಾಗಲೆಲ್ಲ ಅದರ ಹೆಸರನ್ನು ತುಟಿಯಲ್ಲೇ ಹೇಳುತ್ತಿದ್ದ. ನಾನು ನೋಡಿಯೂ ನೋಡದವಳಂತೆ ಇದ್ದೆ.

ಶಸ್ತ್ರಚಿಕಿತ್ಸೆಗೆ ಕೆಲವು ವಾರ ಇತ್ತು. ಮಾತು ಕಳೆದುಕೊಂಡವರು ಬರೆದದ್ದನ್ನು ಓದಿ ಹೇಳುವ ಒಂದು ಆನ್‌ಲೈನ್ ಸೇವೆ ಸಿಕ್ಕಿತು. ಕನ್ನಡವೂ ಇತ್ತು. ನಾನು ಏನೋ ಟೈಪು ಮಾಡಿದೆ. ಗಂಡಸಿನ ದನಿಯೊಂದು ಟೀವಿಯ ವಾರ್ತೆಯ ಹಾಗೆ, "ನನಗೆ ಹಸಿವಾಗಿದೆ, ಊಟ ಬಡಿಸುವಿರಾ?" ಎಂದಿತು.

ಅಪ್ಪ ನಕ್ಕು ಕೆಮ್ಮಿದ. "ಇಂವ ಬೆಂಗಳೂರಾಂವ. ಇಂವ ನನ್ನ ಪರವಾಗಿ ಮಾತಾಡಿದ್ರ ನಿಮ್ಮವ್ವ ತಲಿಮ್ಯಾಲ ಸೆರಗ ಹೊದ್ಕೊಂಡ ಒಳಗ ಹೋಗತಾಳ."

ನಮ್ಮದೇ ದನಿ ಬೇಕೆಂದರೆ ಅಪ್ಪನ ಧ್ವನಿಯನ್ನೆಲ್ಲ ದೂರದ ಯಾರದೋ ಕಂಪ್ಯೂಟರಿಗೆ ಕಳಿಸಬೇಕಿತ್ತು, ಆ ಸೌಲಭ್ಯವೂ ಕನ್ನಡಕ್ಕೆ ಇರಲಿಲ್ಲ. ನೆಟ್‌ವರ್ಕ್ ಹೋದರೆ ಆ ದನಿಯೂ ಹೋಗುತ್ತಿತ್ತು. ನಮ್ಮೂರಲ್ಲಿ ಫೋನು ಒಮ್ಮೆ ಕರ್ನಾಟಕದ ಟವರು ಹಿಡಿಯುತ್ತದೆ, ಒಮ್ಮೆ ಮಹಾರಾಷ್ಟ್ರದ್ದು, ಎಷ್ಟೋ ಸಲ ಎರಡೂ ಇಲ್ಲ. ನಾನು ತಿಜೂರಿಯ ಮೇಲಿನ ಲ್ಯಾಪ್‌ಟಾಪ್ ನೋಡಿದೆ. ಇದನ್ನು ಮನೆಯಲ್ಲೇ ಮಾಡಬಹುದು ಅನ್ನಿಸಿತು. ಅಪ್ಪನ ಮಾತುಗಳನ್ನು ಈಗಲೇ ಧ್ವನಿಮುದ್ರಿಸಿ ಇಟ್ಟುಕೊಳ್ಳುವುದು. ಪ್ರತಿ ಮಾತಿಗೆ ಒಂದು ಗುಂಡಿ ಮಾಡುವುದು. ಫೋನಿನಲ್ಲಿ ಗುಂಡಿ ಒತ್ತಿದರೆ ಅಪ್ಪನದೇ ದನಿ. ಮುದ್ರಿಸದ ಮಾತನ್ನು ಟೈಪು ಮಾಡಿದರೆ ಓದಿ ಹೇಳಲು ಒಂದು ಮುಕ್ತ ತಂತ್ರಾಂಶ ಹಾಕುವುದು.

ಕಾಳಿನ ಕೋಣೆಯಲ್ಲಿ ಮಾತು ಗುಂಯ್‌ಗುಡುತ್ತಿತ್ತು. ಅವ್ವ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತಂದು ಗೋಡೆಗೆ, ಬಾಗಿಲಿಗೆ ತೂಗುಬಿಟ್ಟಳು. ಆನ್‌ಲೈನ್ ಪಾಠದ ಕಾಲದಲ್ಲಿ ಕೊಂಡಿದ್ದ ಮೈಕು, ಅರ್ಧ ಕಪ್ಪಾದ ಪರದೆ, ದನಿ ಮುದ್ರಿಸುವ ಆಡಾಸಿಟಿ ಎಂಬ ತಂತ್ರಾಂಶ, ಜೋಳದ ಚೀಲದ ಮೇಲೆ ಅಪ್ಪ. ನಾನು ಬರೆದು ತಂದ ಸಾಲುಗಳನ್ನು ಕೈಗೆ ಕೊಟ್ಟೆ. ನೀರು ಬೇಕು. ನೋವಾಗುತ್ತಿದೆ. ಮಾತ್ರೆ ಕೊಡಿ. ಅಪ್ಪ ಓದಿ ಹಾಳೆಯನ್ನು ಪಕ್ಕಕ್ಕಿಟ್ಟ.

"ಇದೇನಿದು?"

"ನಿನಗ ಬೇಕಾಗೂ ಮಾತು, ಅಪ್ಪಾ."

"ನೀರ ಬೇಕಾದ್ರ ತಂಬಿಗಿ ತೋರಸ್ತೀನಿ. ನೋವ ಆದ್ರ ಮಾರಿ ನೋಡಿದ್ರನ ತಿಳಿತೈತಿ. ಅದಕ್ಕ ಇರೂದೊಂದ ದನಿ ಯಾಕ ಖರ್ಚ ಮಾಡ್ಲಿ?"

"ಮತ್ತ ಏನ ಹೇಳ್ತಿ?"

"ಕೈ ಮಾಡಿ ತೋರಸಾಕ ಬರದ್ದ ಹೇಳ್ತೀನಿ."

ಅಷ್ಟು ಹೇಳಿ ಮೈಕಿನ ಹತ್ತಿರ ಬಾಗಿದ. "ಬರ್ರಿ, ಚಾ ಕುಡಿದ ಹೋಗ್ರಿ." "ನೀ ಹೇಳೂದು ಖರೆ, ಆದ್ರ ನಾ ಒಪ್ಪೂದಿಲ್ಲ." "ಹೌದಪಾ, ನೀನ ಶ್ಯಾಣ್ಯಾ." "ಹೋಗಲಿ ಬಿಡು." ಆ ಹೋಗಲಿ ಬಿಡು ಎಂಬುದನ್ನೇ ಬೇರೆ ಬೇರೆ ಥರ ಹೇಳಿದ. ಸಿಟ್ಟಿನಲ್ಲಿ ಹೇಳುವುದು ಬೇರೆ, ಚೇಷ್ಟೆಯಲ್ಲಿ ಬೇರೆ, ಅಳುವವರಿಗೆ ಹೇಳುವುದು ಬೇರೆ. ಆಮೇಲೆ ಓಣಿಯವರ ಹೆಸರುಗಳು, ತಂಗಿಯ ಮಕ್ಕಳ ಹೆಸರುಗಳು, ಊರುಗಳ ಹೆಸರುಗಳು. ವಿಹಾರಕ್ಕಾಗಿ ವಂದನೆ. ಮುಂದೆ ಎಂದಾದರೂ ಈ ಧ್ವನಿಯಿಂದಲೇ ಹೊಸ ಮಾತು ಕಟ್ಟಲು ಬಂದೀತು ಎಂದು ನಾನು ದಿನಪತ್ರಿಕೆಯನ್ನೂ ಓದಿಸುತ್ತಿದ್ದೆ. ಬೆಳಗ್ಗೆ ಬಿಸಿನೀರು ಕುಡಿದ ಸ್ವಲ್ಪ ಹೊತ್ತು ಮಾತ್ರ ದನಿ ತಿಳಿಯಾಗಿರುತ್ತಿತ್ತು. ಆ ಹೊತ್ತನ್ನು ಅವ್ವ ಕಾವಲು ಕಾಯುತ್ತಿದ್ದಳು. ಕೋಳಿಗಳನ್ನು ಅಟ್ಟುವಳು, ಕಾಯಿಪಲ್ಲೆ ಗಾಡಿಯವನಿಗೆ ಓಣಿಯ ತುದಿಯಲ್ಲೇ ನಿಲ್ಲಲು ಹೇಳುವಳು, ಯಾರಾದರೂ ಕೂಗುತ್ತ ಬಂದರೆ ಬಾಗಿಲಲ್ಲಿ ಬೆರಳು ತುಟಿಗಿಟ್ಟು, "ಒಳಗ ರೆಕಾರ್ಡಿಂಗ್ ನಡದೈತಿ" ಎನ್ನುವಳು.

ಒಂದು ದಿನ ಅವಳೇ ಕೌದಿ ಸರಿಸಿ ಒಳಗೆ ಬಂದು ನಿಂತಳು.

"ಊರ ಮಂದಿ ಹೆಸರೆಲ್ಲಾ ಹೇಳಿದ್ರಿ. ನನ್ನ ಹೆಸರ ಹೇಳಿದ್ರೇನು?"

ಅಪ್ಪ ಅವಳನ್ನು ಹೆಸರು ಹಿಡಿದು ಕರೆದದ್ದು ನಾವು ಯಾರೂ ಕೇಳಿರಲಿಲ್ಲ. 'ಏ', 'ಕೇಳಿದೇನ', 'ಎಲ್ಲಿ ಹೋದ್ಲು ಇಕಿ', ಇಷ್ಟೇ. ಅಪ್ಪ ಮೈಕನ್ನು ನೋಡಿದ, ನನ್ನನ್ನು ನೋಡಿದ. ನಾಚಿಕೊಂಡಿದ್ದ.

"ಸುಜಾತಾ, ನೀ ಹೊರಗ ಹೋಗು."

"ನಾ ಹೋದ್ರ ಗುಂಡಿ ಯಾರ ಒತ್ತೂದು ಅಪ್ಪಾ?"

"ನಾ ಒತ್ತತೀನಿ. ಎಂಥೆಂಥಾ ಗುಂಡಿ ಒತ್ತೀನಿ ಅಥಣ್ಯಾಗ."

ನಾನು ಅಂಗಳದಲ್ಲಿ ನಿಂತೆ. ಆಮೇಲೆ ಆ ಕಡತಕ್ಕೆ ಹೆಸರು ಕೊಡಲು ತೆರೆದಾಗ ಕೇಳಿಸಿತು. "ಶೇವಂತಾ." ಸ್ವಲ್ಪ ಬಿಟ್ಟು ಇನ್ನೊಮ್ಮೆ, "ಶೇವಂತಾ, ಊಟಾ ಆತೇನ?" ಅವ್ವ ಆ ದಿನ ರೊಟ್ಟಿ ಬಡಿಯುವಾಗ ಏನೋ ಗುನುಗಿಕೊಳ್ಳುತ್ತಿದ್ದಳು.

ಶಸ್ತ್ರಚಿಕಿತ್ಸೆ ಆಯಿತು. ಗಂಟು ಪೂರ್ತಿ ಹೋಗಿದೆ ಎಂದರು. ಕುತ್ತಿಗೆಯಲ್ಲೊಂದು ರಂಧ್ರ, ಅದಕ್ಕೊಂದು ನಳಿಗೆ, ಅದರಿಂದಲೇ ಉಸಿರು. ಅಪ್ಪನ ತುಟಿ ಆಡುತ್ತಿತ್ತು, ಸದ್ದಿರಲಿಲ್ಲ. ಅವ್ವನನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಟ್ಟೆಬರೆ ತರಲು ನಾನು ಮಧ್ಯಾಹ್ನ ಊರಿಗೆ ಬಂದೆ. ಆ ಹೊತ್ತಿಗೇ ಕಾಲವಲ್ಲದ ಕಾಲದ ಅವಕಾಳಿ ಮಳೆ ಹೊಡೆಯಿತು. ಆಲಿಕಲ್ಲು ತಗಡಿನ ಮೇಲೆ ಬೀಳುವ ಸದ್ದಿಗೆ ಬೇರೆ ಏನೂ ಕೇಳುತ್ತಿರಲಿಲ್ಲ. ಹೊರಗೆ ಜನ ಹಣ್ಣು ಮುಚ್ಚಲು ತಾಡಪತ್ರಿ ಹಿಡಿದು ಬೇದಾಣೆ ಶೆಡ್ಡುಗಳ ಕಡೆ ಓಡುತ್ತಿದ್ದರು. ಎಲ್ಲೋ ಹತ್ತಿರದಲ್ಲೇ ಸಿಡಿಲು ಬಿತ್ತು. ದೀಪ ಒಮ್ಮೆ ಬೆಳ್ಳಗೆ ಉರಿದು ಆರಿತು. ತಿಜೂರಿಯ ಮೇಲಿಂದ ಸುಟ್ಟ ವಾಸನೆ.

ವಿದ್ಯುತ್ತು ಬಂದ ಮೇಲೆ ಬೇರೆ ವೈರು ಹಾಕಿ ನೋಡಿದೆ. ಲ್ಯಾಪ್‌ಟಾಪ್ ಎದ್ದಿತು, ಆದರೆ ಅದರ ಡಿಸ್ಕು ಟಕ್ ಟಕ್ ಎನ್ನುತ್ತ ನಿಂತುಬಿಟ್ಟಿತು. ಬೇರೆ ಏನು ಹೋದರೂ ಮತ್ತೆ ಮಾಡಿಕೊಳ್ಳಬಹುದಿತ್ತು. ಅಪ್ಪನನ್ನು ಇನ್ನೊಮ್ಮೆ ಮೈಕಿನ ಮುಂದೆ ಕೂರಿಸುವಂತಿರಲಿಲ್ಲ. ನಿಪ್ಪಾಣಿಗೆ ನಕಲು ಹೋಗುತ್ತಿತ್ತು ನಿಜ, ಆದರೆ ಆ ವಾರಗಳಲ್ಲಿ ನೆಟ್ ಬಂದು ಹೋಗಿ ಮಾಡುತ್ತಿತ್ತು. ಓಡಾಟದಲ್ಲಿ ನಾನು ಹೋಗಿದೆಯೋ ಇಲ್ಲವೋ ಎಂದು ನೋಡಿರಲಿಲ್ಲ. ಫೋನಿನಲ್ಲಿ ಟವರು ಬರುವವರೆಗೆ ಒದ್ದೆ ಅಂಗಳದಲ್ಲಿ ಅತ್ತಿಂದಿತ್ತ ನಡೆದೆ.

"ಸಂಗೀತಾ, ನಿಮ್ಮ ಕಂಪ್ಯೂಟರ ಚಾಲೂ ಐತೇನ?"

"ಐತಿ. ಯಾಕಕ್ಕಾ, ದನಿ ಹಿಂಗ್ಯಾಕ ಆಗೈತಿ ನಿಂದು? ಅಪ್ಪ ಆರಾಮ ಅದಾನಿಲ್ಲ?"

"ಅದಾನ. ಅಪ್ಪನ ಹೆಸರಿಲೆ ಒಂದ ಫೋಲ್ಡರ್ ಇರಬೇಕು, ತಗದ ನೋಡು."

ಅವಳು ಕುರ್ಚಿ ಎಳೆದ ಸದ್ದು ಕೇಳಿಸಿತು. ಮೌಸಿನ ಸದ್ದು. "ಭಾಳ ಅದಾವಕ್ಕಾ ಇದರಾಗ. ಕಡೀದ ಹಚ್ಚಲೇನ?" ಎಂದಳು. ಆಮೇಲೆ ಫೋನಿನೊಳಗಿಂದ, ನಿಪ್ಪಾಣಿಯ ಅವಳ ಮನೆಯಿಂದ, ಅಪ್ಪ ಹೇಳಿದ: "ಹೋಗಲಿ ಬಿಡು."

ಅಳುವವರಿಗೆ ಹೇಳುವ ಥರದ್ದು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ. ಅಲ್ಲಿ ಸಂಗೀತಾ ಅಳುತ್ತಿದ್ದಳು. ಒಂದೂ ಬಿಡದೆ ಎಲ್ಲವೂ ಅವಳಲ್ಲಿ ಇದ್ದವು.

ಹೊಸ ಡಿಸ್ಕು ಹಾಕಿ ಮತ್ತೆ ಲಿನಕ್ಸ್ ಕೂರಿಸಿದೆ. ತಂಗಿ ಅಪ್ಪನನ್ನು ನೋಡಲು ಬರುವಾಗ ಎಲ್ಲವನ್ನೂ ಪೆನ್‌ಡ್ರೈವಿನಲ್ಲಿ ತಂದಳು. ಅಪ್ಪ ಮನೆಗೆ ಬರುವ ಹೊತ್ತಿಗೆ ಗುಂಡಿಗಳ ಪುಟ ಸಿದ್ಧವಾಗಿತ್ತು. ಮನೆಯ ವೈ-ಫೈಯಲ್ಲಿ ಸರ್ವರಿನಿಂದ ಬರುತ್ತಿತ್ತು. ಹೊರಗೆ ಹೋದರೂ ನಡೆಯಲೆಂದು ಅದರ ಒಂದು ಪ್ರತಿ ಅಪ್ಪನ ಫೋನಿನಲ್ಲೇ ಇಟ್ಟೆ.

ಮೊದಲು ಮಾತಾಡಿಸಲು ಬಂದವರು ಪಕ್ಕದ ದ್ರಾಕ್ಷಿ ತೋಟದ ಅಣ್ಣಾಸಾಹೇಬರು. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದರು, ಮಾತು ಹೋದವನ ಜೊತೆ ಏನು ಮಾತಾಡುವುದೆಂಬ ಸಂಕೋಚ ಮುಖದಲ್ಲಿತ್ತು. ಅಪ್ಪ ಗುಂಡಿ ಒತ್ತಿದ.

"ಬರ್ರಿ, ಚಾ ಕುಡಿದ ಹೋಗ್ರಿ."

ಅಣ್ಣಾಸಾಹೇಬರು ಒಂದು ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ನಿಂತರು. ಅಪ್ಪನ ಮುಚ್ಚಿದ ಬಾಯಿ ನೋಡಿದರು. ಬಂದು ಪಕ್ಕದಲ್ಲಿ ಕೂತು ಅಪ್ಪನ ತೊಡೆಯ ಮೇಲೆ ಕೈಯಿಟ್ಟರು. ಅಪ್ಪ ಬೆರಳಿಂದ ನಿಧಾನವಾಗಿ ಟೈಪು ಮಾಡಿದ, ಆಲಿಕಲ್ಲಿನಿಂದ ಬೆಳೆ ಏನಾಯಿತು ಎಂದು. ಅದನ್ನು ಓದಿ ಹೇಳಿದ್ದು ತಂತ್ರಾಂಶದ ಯಂತ್ರದ ದನಿ, ಡಬ್ಬಿಯೊಳಗಿನಿಂದ ಬಂದಂತೆ.

"ಇಂವ ಯಾರಪಾ?" ಎಂದರು ಅಣ್ಣಾಸಾಹೇಬರು.

ಅಪ್ಪ ಮತ್ತೆ ಟೈಪು ಮಾಡಿದ. ಯಂತ್ರ ಹೇಳಿತು: "ನನ್ನ ಅಸಿಸ್ಟಂಟ."

ಈ ಅಸಿಸ್ಟಂಟನಿಗೆ ನಮ್ಮ ಮಾತು ಬರುತ್ತಿರಲಿಲ್ಲ. ಬ್ಯಾಡ, ಮ್ಯಾಲ, ಹ್ಯಾಂಗ ಎಂಬ ಮಾತುಗಳನ್ನು ಅಕ್ಷರ ಅಕ್ಷರವಾಗಿ ಮುರಿದು "ಬಿಯಾಡ", "ಮಿಯಾಲ" ಎನ್ನುತ್ತಿತ್ತು. ಅಪ್ಪ ಪ್ರತಿ ಸಲ ಹಣೆ ಚಚ್ಚಿಕೊಳ್ಳುತ್ತಿದ್ದ. ಬೇರೆ ಸೇವೆಯಾಗಿದ್ದರೆ ನಾವು ಸಹಿಸಿಕೊಂಡು ಸುಮ್ಮನಾಗಬೇಕಿತ್ತು. ಇದು ಮುಕ್ತ ತಂತ್ರಾಂಶ. ಯಾವ ಅಕ್ಷರಕ್ಕೆ ಯಾವ ಸದ್ದು ಎಂಬ ನಿಯಮಗಳ ಕಡತ ಎಲ್ಲರ ಕಣ್ಣೆದುರೇ ಇದೆ. ನಾನು ಅದನ್ನು ತೆರೆದು ಕೂತೆ. ನಾನು ತಿದ್ದುವುದು, ಅಪ್ಪ ಕೇಳಿ ತಲೆ ಅಲ್ಲಾಡಿಸುವುದು, ಮತ್ತೆ ತಿದ್ದುವುದು. ಎಷ್ಟೋ ದಿನ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಯಂತ್ರ ಸರಿಯಾಗಿ "ಬ್ಯಾಡ" ಎಂದಿತು. ಒಲೆಯ ಮುಂದಿನಿಂದ ಅವ್ವ, "ಚಾ ಬ್ಯಾಡೇನ್ರಿ?" ಎಂದು ಕೇಳಿದಳು. ಅಪ್ಪನೂ ನಾನೂ ಮುಖ ಮುಖ ನೋಡಿಕೊಂಡೆವು.

ಆ ತಿದ್ದುಪಡಿಯನ್ನು ತಂತ್ರಾಂಶ ನೋಡಿಕೊಳ್ಳುವವರಿಗೆ ಕಳಿಸಿದೆ. ಅವರು ಯಾವ ದೇಶದವರೋ. ಪ್ರಶ್ನೆಗಳನ್ನು ಕೇಳಿದರು, ಉಚ್ಚಾರದ ಮಾದರಿ ಕೇಳಿದರು. ಅಪ್ಪನ ಹಳೆಯ ಕಡತಗಳಿಂದ ಬ್ಯಾಡ, ಮ್ಯಾಲ ಎಂಬ ಮಾತುಗಳನ್ನು ಕತ್ತರಿಸಿ ಕಳಿಸಿದೆ. ಒಪ್ಪಿಕೊಂಡು ಸೇರಿಸಿದರು. ಈಗ ಆ ತಂತ್ರಾಂಶವನ್ನು ಯಾರು ಎಲ್ಲಿ ಹಾಕಿಕೊಂಡರೂ ಅದು ನಮ್ಮ ಕಡೆಯ ಕನ್ನಡವನ್ನು ನಮ್ಮ ಹಾಗೇ ಹೇಳುತ್ತದೆ. ನನ್ನ ಸರ್ಟಿಫಿಕೇಟುಗಳನ್ನು ಅಪ್ಪ ಎಂದೂ ಗೋಡೆಗೆ ಹಾಕಿದವನಲ್ಲ. ಆ ದಿನ ಮಾತ್ರ ಲ್ಯಾಪ್‌ಟಾಪ್ ಅನ್ನು ಎರಡೂ ಕೈಯಲ್ಲಿ ಹಿಡಿದು ಅಣ್ಣಾಸಾಹೇಬರ ಶೆಡ್ಡಿಗೆ ಹೋದ. ಬೇದಾಣೆ ಆರಿಸುತ್ತಿದ್ದ ಹೆಂಗಸರನ್ನೆಲ್ಲ ಕರೆದು ಪರದೆಯ ಉಳಿದರ್ಧದಲ್ಲಿ, ತಂತ್ರಾಂಶ ತಿದ್ದಿದವರ ಪಟ್ಟಿಯಲ್ಲಿದ್ದ ನನ್ನ ಹೆಸರನ್ನು ಬೆರಳಿಟ್ಟು ತೋರಿಸಿದ. ಇಂಗ್ಲಿಷಿನಲ್ಲಿದ್ದ ಅದು ಅವರಿಗೆ ಓದಲು ಬರಲಿಲ್ಲ. ಆದರೂ ನನಗೆ ಕೈತುಂಬ ಬೇದಾಣೆ ಕೊಟ್ಟರು.

ಸುಗ್ಗಿ ಮುಗಿದು ಶೆಡ್ಡುಗಳು ಖಾಲಿಯಾಗುವ ಹೊತ್ತಿಗೆ ಕುಡಚಿಯಿಂದ ಒಬ್ಬ ಹೆಣ್ಣುಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಮಿರಜ್‌ನ ಅದೇ ಆಸ್ಪತ್ರೆಯಲ್ಲಿ ಯಾರೋ ಅಪ್ಪನ ವಿಷಯ ಹೇಳಿದ್ದರಂತೆ. ಅವಳ ತಂದೆ ದಸ್ತಗೀರ ಸಾಹೇಬರಿಗೂ ಅದೇ ಕಾಯಿಲೆ, ಅದೇ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಅವರದು ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಅಂಗಡಿ.

"ನಮಗೂ ಹಂಗ ಮಾಡಿ ಕೊಡ್ತೀರೇನ್ರಿ ಅಕ್ಕಾರ? ಆ ಸಾಫ್ಟ್‌ವೇರ್ ನಮಗ ಕೊಡಾಕ ಬರತೈತೇನ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಗುಂಡಿ ಒತ್ತಿದ್ದ. "ಅದಕ್ಕೇನ, ಬರ್ರಿ."

ರವಿವಾರ ನಾನೂ ಅಪ್ಪನೂ ಉಗಾರದ ಮೇಲೆ ಹಾದು, ಸೇತುವೆ ದಾಟಿ ಕುಡಚಿಗೆ ಹೋದೆವು. ಅವರ ಮನೆಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದೆ, ಗುಂಡಿಗಳ ಪುಟ ಕೂರಿಸಿದೆ. ಅಂಗಡಿಯಿಂದ ಸೀರೆಯ ಗಂಟುಗಳನ್ನೇ ತಂದು ಗೋಡೆಗೆ ಒಟ್ಟಿ ಮಾತು ಗುಂಯ್‌ಗುಡದಂತೆ ಮಾಡಿದ್ದರು. ದಸ್ತಗೀರ ಸಾಹೇಬರು ದೊಡ್ಡ ಆಳು, ಬಿಳಿ ಗಡ್ಡ. ಮೈಕಿನ ಮುಂದೆ ಕೂತವರು ಸುಮ್ಮನೆ ಕೂತೇ ಬಿಟ್ಟರು. ಗಿರಾಕಿಗಳ ಜೊತೆ ದಿನವಿಡೀ ಮಾತಾಡುತ್ತಿದ್ದವರಂತೆ. ಈಗ ಕಣ್ಣು ತುಂಬಿಕೊಂಡು ಕೈ ನೋಡಿಕೊಳ್ಳುತ್ತಿದ್ದರು.

"ಏನ ಹೇಳ್ಲಿ ಬೇಟಿ? ಏನೂ ತಿಳಿವಲ್ದು" ಎಂದರು, ಒಡೆದ ದನಿಯಲ್ಲಿ.

ನಾನು ಮುದ್ರಣ ಶುರು ಮಾಡಿ ಕಾಯುತ್ತಿದ್ದೆ. ಅಪ್ಪ ಅವರ ಎದುರು ಮಣೆ ಎಳೆದುಕೊಂಡು ಕೂತು ಫೋನಿನಲ್ಲಿ ಟೈಪು ಮಾಡತೊಡಗಿದ. ಯಂತ್ರದ ದನಿ ಗಂಭೀರವಾಗಿ ಹೇಳಿತು:

"ನಿಮ್ಮ ಬೀಗರ ಬಗ್ಗೆ ಏನಾರ ಹೇಳ್ರಿ. ಅವರು ಹ್ಯಾಂಗೂ ಇಲ್ಲಿಲ್ಲ."

ಬಾಗಿಲ ಹಿಂದಿನಿಂದ ಅವರ ಹೆಂಡತಿ ಗಾಬರಿಯಾಗಿ, "ಅಯ್ಯ, ಬೀಗತಿ ಅಡಗಿಮನ್ಯಾಗ ಅದಾರ್ರಿ!" ಎಂದರು.

ದಸ್ತಗೀರ ಸಾಹೇಬರು ನಕ್ಕರು. ಒಡೆದ ಗಂಟಲಿನಿಂದ, ಹೊಟ್ಟೆ ಕುಲುಕಿಸಿ, ಗಡ್ಡ ಒದ್ದೆಯಾಗುವವರೆಗೆ ನಕ್ಕರು. ಅವರ ಮಗಳೂ ನಕ್ಕಳು, ಅಡುಗೆಮನೆಯಲ್ಲಿ ಯಾರೋ ನಕ್ಕರು. ನಗು ತಗ್ಗಿದ ಮೇಲೆ ನಾನು ಮುದ್ರಣ ನಿಲ್ಲಿಸಿ, ಮಾತು ಇಲ್ಲದ ಆ ಭಾಗವನ್ನು ಅಳಿಸಿ ಹೊಸದಾಗಿ ಶುರು ಮಾಡಲು ಮೌಸಿಗೆ ಕೈ ಹಾಕಿದೆ.

ಅಪ್ಪ ನನ್ನ ಮಣಿಕಟ್ಟು ಹಿಡಿದ. ಇನ್ನೊಂದು ಕೈಯಲ್ಲಿ ಟೈಪು ಮಾಡಿ, ಈ ಸಲ ಯಂತ್ರದಿಂದ ಹೇಳಿಸದೆ, ಫೋನನ್ನು ನನ್ನ ಕಡೆ ತಿರುಗಿಸಿದ.

"ಅದನ್ನ ಅಳಸಬ್ಯಾಡ. ನಂದು ನಾವು ಇಟ್ಕೊಳ್ಳಲಿಲ್ಲ."

ನಿಜ. ಅಷ್ಟೆಲ್ಲ ಕಡತಗಳಲ್ಲಿ ಅಪ್ಪನ ನಗು ಎಲ್ಲಿಯೂ ಇರಲಿಲ್ಲ. ನಾನು ಅಪ್ಪನ ಮುಖ ನೋಡಿದೆ. ಅಲ್ಲಿ ದುಃಖವಿರಲಿಲ್ಲ, ಕೆಲಸ ಬಲ್ಲವನು ಪಕ್ಕದವನಿಗೆ ಒಂದು ಸೂಕ್ಷ್ಮ ತೋರಿಸಿಕೊಡುವಾಗಿನ ಗತ್ತು ಇತ್ತು. ನಾನು ತಲೆಯಾಡಿಸಿ, ಕಡತವನ್ನು ಹಾಗೇ ಉಳಿಸಿ, ಹೆಸರು ಕೇಳಿದ ಕಡೆ 'ನಗು' ಎಂದು ಬರೆದೆ. ಆ ಮನೆಯ ಕಂಪ್ಯೂಟರಿನಲ್ಲಿ ಮೊದಲು ಸೇರಿದ್ದು ಅದು.